ಮೌಸ್ ಯಾರ ಕೈಯಲ್ಲಿತ್ತು

ಪಾರ್ಶ್ವವಾಯು ಹೊಡೆದು ಅಣ್ಣನ ಬಲಗೈ ನಿಂತುಹೋದ ಮೇಲೆ, ತುಮಕೂರಿನಿಂದ ಕುಣಿಗಲ್ಲಿನ ಅವನ ಮನೆಗೆ ನಾನು ಗೇಮ್ ಕನ್ಸೋಲ್ ತೆಗೆದುಕೊಂಡು ಹೋದೆ. ಟಿವಿಗೆ ಸಿಕ್ಕಿಸಿದರೆ ಸಾಕು, ಸೋಫಾದಲ್ಲಿ ಒರಗಿಕೊಂಡೇ ಆಡಬಹುದು ಎಂದಷ್ಟೇ ಯೋಚಿಸಿದ್ದೆ. ಕಂಟ್ರೋಲರನ್ನು ಅವನ ತೊಡೆಯ ಮೇಲಿಟ್ಟಾಗ ನನ್ನ ದಡ್ಡತನ ಹೊಳೆಯಿತು. ಅದನ್ನು ಮಾಡಿರುವುದೇ ಎರಡು ಕೈಗಳಿಗೆ.

"ಎಂಎ ಮಾಡಿದೀಯ ಕಣೋ," ಅಣ್ಣ ತೊದಲುತ್ತ ಹೇಳಿದ. "ಕೈ ಎಷ್ಟವೆ ಅಂತ ಎಣ್ಸಾಕೂ ಬರಲ್ವಾ?"

ನಾನು ನಕ್ಕೆ. ಅವನು ಗೋಡೆಯ ಕಡೆ ತಿರುಗಿಕೊಂಡ.

ಅಡುಗೆಮನೆಯಲ್ಲಿ ಅತ್ತಿಗೆ ದನಿ ತಗ್ಗಿಸಿ, "ದಿನಾ ಹಿಂಗೇ. ವ್ಯಾಯಾಮನೂ ಬಿಟ್ಟವ್ರೆ. ಏನಾದ್ರೂ ಒಂದು ಬೇಕು ಅಂತ ಅವ್ರಿಗೇ ಅನ್ನಿಸ್ಬೇಕು," ಎಂದರು.

ಆಗ, ಹುಡುಗರಾಗಿದ್ದಾಗ ನಾವಿದ್ದ ಗುಬ್ಬಿಯ ಮನೆಯ ಕಂಪ್ಯೂಟರ್ ನೆನಪಾಯಿತು. ಸರದಿ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲವಾದ್ದರಿಂದ ಆಟದೊಳಗಿನ ಒಬ್ಬನೇ ಸಿಪಾಯಿಯನ್ನು ಇಬ್ಬರೂ ಹಂಚಿಕೊಂಡು ಆಡಿಸುತ್ತಿದ್ದೆವು. ಒಬ್ಬನದು ಕೀಬೋರ್ಡ್: ನಡೆಸುವುದು. ಇನ್ನೊಬ್ಬನದು ಮೌಸ್: ಗುರಿಯಿಟ್ಟು ಹೊಡೆಯುವುದು. ಕಂಟ್ರೋಲರನ್ನು ಹಾಗೆ ಪಾಲು ಮಾಡಲಾಗುವುದಿಲ್ಲ.

"ಗುಬ್ಬಿ ಮನೇಲಿದ್ದ ಆ ಪಿಸಿ ತರ್ತೀನಿ ಅಣ್ಣ. ಆದ್ರೆ ಮೌಸು ನಿಂದಲ್ವಾ?"

"ಯಾವನ್ಲಾ ಹೇಳಿದ್ದು? ನಂದು ಯಾವಾಗ್ಲೂ ಕೀಬೋರ್ಡು. ಎಡಗೈಲಿ."

ನನ್ನ ನೆನಪು ಬೇರೆ. ಕೀಬೋರ್ಡಿನ ಮುಂದೆ, ಎಡಕ್ಕೆ ಕೂತಿದ್ದವನು ನಾನು. ಗೋಡೆಯ ಸುಣ್ಣ ನನ್ನ ಎಡ ಮೊಣಕೈಗೆ ಮೆತ್ತಿಕೊಳ್ಳುತ್ತಿತ್ತು. ಆದರೆ ಆ ಮೇಜು ಗೋಡೆಗೆ ಒತ್ತಿಕೊಂಡಿತ್ತೇ? ನೆನಪು ಸಾಕ್ಷಿಯಲ್ಲ ಎಂದು ಊರಿಗೆಲ್ಲ ವಾದಿಸುವವನು ನಾನು. ಕೀಬೋರ್ಡನ್ನು ಅವನಿಗೇ ಬಿಟ್ಟೆ.

ಪಿಸಿ ಈಗ ಗುಬ್ಬಿಯಲ್ಲೇ ಚಿಕ್ಕಮ್ಮನ ಮನೆಯ ಅಟ್ಟದಲ್ಲಿತ್ತು. ತುಮಕೂರಿಗೆ ತಂದು ಡಬ್ಬ ಬಿಚ್ಚಿದೆ. ಫ್ಯಾನ್ ಹೋಗಿತ್ತು, ಬೇರೆ ಹಾಕಿಸಿದೆ. ಆಗ ಮಾಡುತ್ತಿದ್ದಂತೆ ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಲೋಹದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಶುರುವಾಯಿತು. ಹಳೆಯ ಆಟ ಅಲ್ಲೇ ಇತ್ತು. ನೆಟ್ ಕೇಳಲಿಲ್ಲ, ಚಂದಾ ಕೇಳಲಿಲ್ಲ.

ಕುಣಿಗಲ್ಲಿನಲ್ಲಿ ಅಣ್ಣ ತಾನಾಗಿಯೇ ಎದ್ದು ಬಂದು ಮೇಜಿನ ಎಡಕ್ಕೆ ಕೂತ. ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡ. ಆಟ ಶುರುವಾದದ್ದೇ ತಲೆ ಬಗ್ಗಿಸಿ ಒಂದೊಂದೇ ಕೀ ಹುಡುಕತೊಡಗಿದ. ನಮ್ಮ ಸಿಪಾಯಿ ಗೋಡೆಗೆ ಹೋಗಿ ಗುದ್ದಿದ, ಮತ್ತೆ ಗುದ್ದಿದ.

"ಅಕ್ಸರ ಅಳಿಸೋಗವೆ, ಬುಡು," ಎಂದ.

ವರ್ಷಗಟ್ಟಲೆ ಕೀಬೋರ್ಡ್ ಆಡಿಸಿದವನು ಅಕ್ಷರ ನೋಡುತ್ತಾನೆಯೇ? ಕಾಯಿಲೆಯಿಂದ ಬೆರಳು ಮರೆತಿರಬಹುದು. ಇಲ್ಲವೇ, ಇರುವ ಒಂದು ಕೈಗೆ ತಕ್ಕಂತೆ ಅವನು ನಮ್ಮ ಹಳೆಯ ಆಟವನ್ನೇ ಬದಲಿಸಿಕೊಂಡಿರಬಹುದು. ನಾನು ಹೊಡೆದದ್ದೂ ಒಂದೂ ತಾಗುತ್ತಿರಲಿಲ್ಲ.

ಕೊನೆಗೆ ಸಿಪಾಯಿ ಬಾಗಿಲು ದಾಟಿದ. ಎದುರಿಗೇ ಶತ್ರು.

"ಹೊಡಿಯೋ!" ಅಣ್ಣ ಕೂಗಿದ.

ಮೇಜಿನ ಮೇಲಿದ್ದ ಅವನ ಬಲಗೈಯ ತೋರುಬೆರಳು, ಮೌಸ್ ಒತ್ತುವ ಹಾಗೆ, ಅಲುಗಿದಂತೆ ಕಂಡಿತು. ಅವರೂ ನೋಡಿದರೇ ಎಂದು ಹಿಂದೆ ನಿಂತಿದ್ದ ಅತ್ತಿಗೆಯ ಕಡೆ ತಿರುಗಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.