ಬಿಛಾಯತ್ ಕಾಕಾನ ನಾಟಕದ ಗೋದಾಮು

ಮೊನ್ನೆ ನಾಗಪುರದ ಮನೀಶ್ ನಗರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಅಜ್ಜಿ ಚೀಲದಿಂದ ಕಿತ್ತಳೆ ತೆಗೆದು ಹೆಬ್ಬೆರಳು ಊರಿದ್ದೇ ತಡ, ಆ ಘಾಟು ಮೂಗಿಗೆ ಬಡಿಯಿತು. ನಾನು ಫೋನಿನಲ್ಲಿ ಗೆಳತಿಗೆ ಏನೋ ದೊಡ್ಡ ಕಥೆ ಹೇಳುತ್ತಿದ್ದೆ. ಥಟ್ಟನೆ ಬಾಯಿ ಮುಚ್ಚಿದೆ. ಚಳಿಗಾಲದಲ್ಲಿ ಈ ಊರಿನವರಿಗೆಲ್ಲ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೊಬ್ಬಳಿಗೆ ಮಾತ್ರ, ನಾನು ಅತಿಯಾಗಿ ಮಾತಾಡುತ್ತಿದ್ದೇನೇನೋ ಎಂಬ ಅನುಮಾನ ಹುಟ್ಟುತ್ತದೆ. ಇದಕ್ಕೆಲ್ಲ ಕಾರಣ ಕಾಕಾ.

ಕಾಕಾ ನಮಗೆ ನೆಂಟರಲ್ಲ. ನಮ್ಮಂತೆ ಅವರದೂ ಅಜ್ಜನ ಕಾಲಕ್ಕೇ ಗದಗದ ಕಡೆಯಿಂದ ನಾಗಪುರಕ್ಕೆ ಬಂದು ನೆಲೆನಿಂತ ಮನೆತನ. ಅವರದು ಬಿಛಾಯತ್ ಅಂಗಡಿ. ಮದುವೆ ಮುಂಜಿಗೆ ಪೆಂಡಾಲು, ಕುರ್ಚಿ, ಗಾದಿ, ವಧೂವರರ ಸಿಂಹಾಸನ ಎಲ್ಲ ಬಾಡಿಗೆಗೆ ಕೊಡುವ ವ್ಯಾಪಾರ. ಆದರೆ ಆ ಮನುಷ್ಯನಿಗೆ ನಾಟಕದ ಹುಚ್ಚು. ಹಳೆಯ ನಾಟಕ ಆಡಿಸುವ ಹುಚ್ಚಲ್ಲ, ಹೊಸದು ಬರೆಯುವ ಹುಚ್ಚು. ಪುಷ್ಯ ಮಾಸದಲ್ಲಿ ಮುಹೂರ್ತಗಳಿಲ್ಲದೆ ಸಾಮಾನೆಲ್ಲ ಗೋದಾಮಿಗೆ ವಾಪಸು ಬಂದು ಬಿದ್ದಾಗ, ಕಾಕಾ ಅರ್ಧಂಬರ್ಧ ಬರೆದ ನಾಟಕ ಹಿಡಿದು ನಮ್ಮ ಕಾಲೇಜಿಗೆ ಬರುತ್ತಿದ್ದರು. ನಟನೆ ಕಲಿಯುತ್ತಿದ್ದ ನಮ್ಮಂಥ ಕೆಲವರನ್ನು ಆರಿಸಿ, ಗೋದಾಮಿನಲ್ಲಿ ಕೂಡಿಸಿ, ಓದಿಸಿ, ಆಡಿಸಿ, ಬರೆದು, ಹರಿದು, ಮತ್ತೆ ಬರೆದು... ಅದಕ್ಕೆಲ್ಲ ವಾರ ವಾರ ಸಂಬಳ. ಬೇರೆ ಕಡೆ ನಮಗೆ ಸಿಗುತ್ತಿದ್ದದ್ದು ಒಂದು ಕಪ್ ಚಹಾ, ಜೊತೆಗೆ ‘ಅನುಭವ ಆಗುತ್ತೆ ಬಿಡಿ’ ಎಂಬ ಸಮಾಧಾನ. ನಾಟಕದ ಭಾಷೆಯೂ ಈ ಊರಿನ ಬೀದಿಯದೇ: ಮರಾಠಿ, ಹಿಂದಿ, ನಡುನಡುವೆ ಕಾಕಾನ ಮನೆಯ ಕನ್ನಡ.

ಪ್ರತಿ ಭಾನುವಾರ ಆ ವಾರ ಬರೆದದ್ದನ್ನು ಓಣಿಯವರ ಮುಂದೆ ಆಡಿ ತೋರಿಸಬೇಕು. ಬಂದವರಿಗೆಲ್ಲ ಬಾಗಿಲಲ್ಲೇ ಒಂದೊಂದು ಕಿತ್ತಳೆ. "ಬ್ಯಾಸರಾಗೂ ತನಕಾ ಸುಲಿಬ್ಯಾಡ್ರಿ. ಬ್ಯಾಸರಾತಂದ್ರ ನಾಚಿಕಿ ಬಿಟ್ಟು ಸುಲೀರಿ," ಎಂದು ಕಾಕಾ ಎಲ್ಲರಿಗೂ ತಾಕೀತು ಮಾಡುತ್ತಿದ್ದರು. ಆಮೇಲೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುವುದು. ಯಾವ ಮಾತಿಗೆ ವಾಸನೆ ಎದ್ದಿತೋ ಆ ಮಾತಿಗೆ ಪೆನ್ಸಿಲಿನಿಂದ ಗೀಟು. ಮುಲಾಜಿಗೆ ಚಪ್ಪಾಳೆ ತಟ್ಟುವವರೂ ಕೈಯಲ್ಲಿ ಹಣ್ಣಿದ್ದಾಗ ಬೇಸರವನ್ನು ಮುಚ್ಚಿಡಲಾರರು ಎಂಬುದು ಅವರ ಲೆಕ್ಕ. ಅದು ಯಾವತ್ತೂ ತಪ್ಪಲಿಲ್ಲ.

ಆ ವರ್ಷ ನನಗೆ ಸಿಕ್ಕಿದ್ದು ಮದುಮಗಳ ಪಾತ್ರ. ತುಂಬಿದ ಹಂದರದಲ್ಲಿ ಎದ್ದು ನಿಂತು, ಈ ಮದುವೆ ಬೇಡವೆಂದು ಎರಡು ಪುಟ ಮಾತಾಡುವವಳು. ಆದರೆ ಮನೆಯಲ್ಲಿ ನನ್ನ ಓದಿಗೇ ಪರದೆ ಬೀಳುವುದರಲ್ಲಿತ್ತು. ಅಪ್ಪ ಕೋರಾಡಿಯ ವಿದ್ಯುತ್ ಸ್ಥಾವರದ ನೌಕರ. ಮಿಹಾನ್ ಎಂಬ ಕಂಪನಿಗಳ ಬಡಾವಣೆಯ ಒಂದು ಆಫೀಸಿನಲ್ಲಿ ನನಗಾಗಿ ಕೆಲಸಕ್ಕೆ ಹೇಳಿಟ್ಟಿದ್ದರು. "ಕಂಪನಿ ಗಾಡಿ ಮನೀ ಮುಂದ ಬಂದು ನಿಂದರತೈತಿ. ನಿನ್ನ ನಾಟಕ ಯಾವ ಗಾಡಿ ಕಳಸ್ತೈತಿ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ನಾನು ಹಟ ಹಿಡಿದು ಅತ್ತೆ, ಒಂದು ದಿನ ಊಟವನ್ನೂ ಬಿಟ್ಟೆ. ಕೊನೆಗೆ ಒಂದು ಒಪ್ಪಂದವಾಯಿತು. ಅಪ್ಪ ಭಾನುವಾರ ಬಂದು ನೋಡುವುದು. ಇದೂ ಒಂದು ಕೆಲಸ ಅನ್ನಿಸಿದರೆ ನಾನು ಓದು ಮುಂದುವರಿಸಬಹುದು. ಬರೀ ಆಟ ಅನ್ನಿಸಿದರೆ ಸಂಕ್ರಾಂತಿ ಮುಗಿದ ಮೇಲೆ ಮಿಹಾನ್.

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಗಾದಿಗಳ ರಾಶಿಯ ಪಕ್ಕ, ಜರಿ ಕಿತ್ತುಹೋದ ಮದುವೆ ಸಿಂಹಾಸನದ ಮೇಲೆಯೇ ಕಾಕಾ ಅವರನ್ನು ಕೂರಿಸಿ, ಕೈಗೊಂದು ಹಣ್ಣು ಕೊಟ್ಟು ನಿಯಮ ಹೇಳಿದರು. ನಿಯಮ ಎಂದರೆ ನಿಯಮ ಎನ್ನುವ ಪೈಕಿ ನಮ್ಮಪ್ಪ. ನನಗೆ ಇದ್ದ ಹೆದರಿಕೆಯೂ ಅದೇ.

ಮದುಮಗಳ ಮಾತಿನ ಮೊದಲ ಪುಟ ಸುಸೂತ್ರವಾಗಿ ಸಾಗಿತು. ಎರಡನೆಯದಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಕೈ ಮೇಲೆತ್ತಿ... ಸಿಂಹಾಸನದ ಕಡೆಯಿಂದ ಘಮ್ಮೆಂದಿತು. ಅಪ್ಪ! ತಲೆ ತಗ್ಗಿಸಿ, ಬಲು ಶ್ರದ್ಧೆಯಿಂದ ಸುಲಿಯುತ್ತಿದ್ದರು. ಅವರನ್ನು ನೋಡಿ ಹಿಂದಿನ ಸಾಲಿನವರಿಗೂ ಧೈರ್ಯ ಬಂತು. ನಾನು ಮಾತು ಮುಗಿಸುವ ಹೊತ್ತಿಗೆ ಗೋದಾಮು ಹಣ್ಣಿನ ಮಂಡಿಯಂತಾಗಿತ್ತು. ಕಾಕಾ ಎರಡೂ ಪುಟ ಹರಿದು, ಮಡಚಿ ಕಿಸೆಗೆ ಹಾಕಿಕೊಂಡರು. ಮಿಹಾನ್ ಗಾಡಿಯ ಹಾರ್ನ್ ನನಗೆ ಅಲ್ಲೇ ಕೇಳಿಸಿತು.

ಎಲ್ಲ ಮುಗಿದ ಮೇಲೆ ಕಾಕಾ ಎಂದಿನಂತೆ ನಮಗೆ ಸಂಬಳದ ಲಕೋಟೆ ಹಂಚಿದರು. ನನಗೂ ಕೊಟ್ಟರು, ಉಳಿದವರಿಗೆ ಕೊಟ್ಟಷ್ಟೇ. ಅಪ್ಪನಿಗೆ ತಡೆಯಲಾಗಲಿಲ್ಲ.

"ಆಕಿ ಮಾತು ಪೂರಾ ಹರದು ಒಗದ್ರಿ. ಮತ್ತ ಪಗಾರ ಯಾಕ್ರಿ?"

ಕಾಕಾ ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದ ಕುರ್ಚಿಗಳ ಕಡೆ ಕೈ ಮಾಡಿದರು. "ಈ ಕುರ್ಚಿ ಮದವಿಗೆ ಹೋಗತಾವ್ರಿ. ಮಂದಿ ಬರಲಿಲ್ಲ, ಖಾಲಿ ಉಳದ್ವು ಅಂತ ನಾ ಬಾಡಿಗಿ ಬಿಡ್ತೀನೇನು? ಪ್ಲಾಸ್ಟಿಕ್ ಕುರ್ಚಿಗೆ ಇರೂ ಮರ್ಯಾದಿ ಈ ಹುಡುಗಿಗೆ ಬ್ಯಾಡೇನ್ರಿ? ವಾರಪೂರ್ತಿ ದುಡದಾಳ. ಕೆಟ್ಟಿದ್ದು ನಾ ಬರದದ್ದು. ಆಕಿ ಅಷ್ಟು ಜೀವ ಹಾಕಿ ಅಂದಿದ್ದಕ್ಕ ಅದು ಕೆಟ್ಟೈತಿ ಅಂತ ನನಗ ಗೊತ್ತಾತು."

ಮನೆಗೆ ವಾಪಸಾಗುವಾಗ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸ್ವಂತ ಅಪ್ಪ, ಅದೂ ಎಲ್ಲರಿಗಿಂತ ಮೊದಲು!

"ಬ್ಯಾಸರಾತವ್ವ, ಸುಲದೆ. ಸುಳ್ಯಾಕ ಹೇಳಲಿ?" ಎಂದರು ಅಪ್ಪ. ಕೋರಾಡಿಯ ಚಿಮಣಿಗಳು ಕಂಡಾಗ ಮತ್ತೆ ಅವರೇ, "ತಪ್ಪು ತನ್ನ ಮ್ಯಾಲ ಹಾಕ್ಕೊಂಡು ಕೆಳಗಿನವರಿಗೆ ಪಗಾರ ಕೊಡೋ ಸಾಹೇಬನ್ನ ನಾ ಇಷ್ಟು ವರ್ಷದ ನೌಕರಿಯೊಳಗ ಕಂಡಿಲ್ಲ. ನೀ ಅಲ್ಲೇ ಇರು. ಮಿಹಾನ್‌ದವರಿಗೆ ನಾ ಹೇಳ್ತೀನಿ," ಎಂದರು. ಬಸ್ಸು ಎಂಬುದನ್ನೂ ಮರೆತು ನಾನು ಅವರ ತೋಳಿಗೆ ಜೋತುಬಿದ್ದೆ.

ಮುಂದಿನ ಭಾನುವಾರ ಕಾಕಾನ ಹೊಸ ಪುಟದಲ್ಲಿ ಮದುಮಗಳಿಗೆ ಒಂದೇ ಒಂದು ಮಾತೂ ಇರಲಿಲ್ಲ. ಕೊರಳಿನ ಹಾರ ತೆಗೆದು ಸಿಂಹಾಸನದ ಮೇಲಿಟ್ಟು, ಜನರ ನಡುವೆಯೇ ನಡೆದುಹೋಗಬೇಕು, ಅಷ್ಟೇ. ನಡೆದೆ. ಅಂದು ಅಪ್ಪನ ಹಣ್ಣು ಇಡಿಯಾಗಿ ಮನೆಗೆ ಬಂತು, ಅವ್ವ ತಿಂದಳು. ಆಮೇಲೆ ಅಪ್ಪ ಎಷ್ಟೋ ವರ್ಷ ಪುಷ್ಯದ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಕಾಕಾಗೂ ಅವರಿಗೂ ಜಗಳವೂ ಆಗುತ್ತಿತ್ತು, ಜೊತೆಯಲ್ಲಿ ಖಾರದ ರಸ ಸುರಿದ ಅವಲಕ್ಕಿ ತರ್ರಿ ಪೋಹಾ ತಿನ್ನುವುದೂ ನಡೆಯುತ್ತಿತ್ತು.

ಇದೆಲ್ಲ ಆಗಿ ಹತ್ತು ಹನ್ನೆರಡು ವರ್ಷವಾಯಿತು. ಈಗ ನಾನೂ ನಾಟಕ ಬರೆಯುತ್ತೇನೆ. ಕಾಲೇಜಿನ ಮಕ್ಕಳನ್ನು ಕೂಡಿಸಿ ಓದಿಸುತ್ತೇನೆ, ಮೊದಲ ದಿನದಿಂದಲೇ ಸಂಬಳ ಕೊಡುತ್ತೇನೆ. ನನ್ನನ್ನು ಕಲಾವಿದೆ ಎಂದು ನಾಲ್ಕು ಜನ ಕರೆಯುತ್ತಾರೆ, ಓದಿದ್ದಕ್ಕೆಲ್ಲ ಮರಾಠಿಯಲ್ಲಿ ‘ಫಾರ್ ಛಾನ್’, ಬಲು ಚೆಂದ, ಎನ್ನುತ್ತಾರೆ. ಹೊಗಳಿಕೆಗೇನೂ ಬರವಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಗೋದಾಮಿನಲ್ಲಿ ಬೆಳೆದ ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದೆವು. ನಾನು ಹಿಂದಿನ ದಿನವೇ ಬರೆದು, ಬಾಯಿಪಾಠ ಮಾಡಿ ಹೋಗಿದ್ದೆ. ಮಹಾನ್ ಚೇತನ, ಕಲಾವಿದರ ತಂದೆ, ಇನ್ನೂ ಏನೇನೋ ಅಂದೆ. ಕೆಲವರು ಕಣ್ಣೊರೆಸಿಕೊಂಡರು. ಬಂದು ಅಪ್ಪನ ಪಕ್ಕ ಕೂತು, ಹೆಂಗಾತು ಎನ್ನುವಂತೆ ಅವರ ಮುಖ ನೋಡಿದೆ.

ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದರು. "ಭಾಳ ಉದ್ದಾತವ್ವ," ಎಂದರು ಮೆಲ್ಲಗೆ. "ಆದ್ರ ಕೈಯಾಗ ಕಿತ್ತಳಿ ಕೊಟ್ಟು, ಇನ್ನ ಸಾಕು ಅಂತ ಹೇಳಸೋರು ಈಗ ಎಲ್ಲಿ ಅದಾರ?"

ಮೊದಲು ನನಗೆ ನಗು ಬಂತು, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ. ಆಮೇಲೆ, ಕಾಕಾ ಹೋದ ಮೇಲೆ ಮೊದಲ ಸಲ, ಅಳು ಬಂತು.