ನಾಯಿಗೆ ಬಂದ ಗುಳಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನ ದನದ ದವಾಖಾನೆಯಲ್ಲಿ ಡಾಕ್ಟರಾಗಿದ್ದಾಗ ಮೇಲಿನವರು ಒಂದು ಡಬ್ಬಿ ಹೊಸ ಗುಳಿಗೆ ಕಳಿಸಿದರು. ನಾಯಿಯ ಹೊಟ್ಟೆಯ ಲಾಡಿಹುಳಕ್ಕೆ ಅದು ಎಷ್ಟು ಕೆಲಸ ಮಾಡುತ್ತದೆಂದು ಕುರಿಗಾರರ ನಾಯಿಗಳಿಗೆ ಕೊಟ್ಟು ನೋಡಬೇಕಿತ್ತು. ಗುಳಿಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ನಾಯಿಯ ಹೇಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ. ಇಷ್ಟು ಓದಿದ್ದು ಸಾರ್ಥಕವಾಯಿತು ಎಂದು ನನ್ನ ಹೆಂಡತಿ ಮೂಗು ಮುಚ್ಚಿಕೊಂಡೇ ಹೇಳುತ್ತಿದ್ದಳು.

ದುಬಲಗುಂಡಿಯ ಹೊಲವೊಂದರಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ ಮುದುಕಿಯೊಬ್ಬಳು ತಾನಾಗಿಯೇ ನಾಯಿಯನ್ನು ಹಿಡಿದುಕೊಟ್ಟಳು. ಅವಳ ಚಿಂತೆ ನಾಯಿಯದಲ್ಲ. ಹಿಂಡಿನ ಕುರಿಗಳು ಒಂದೊಂದಾಗಿ ನಿಂತಲ್ಲೇ ಗಿರಗಿರ ತಿರುಗಿ, ಮೇವು ಬಿಟ್ಟು ಸಾಯುತ್ತಿದ್ದವು. ಹಿಂಡು ಹೋದರೆ ಅವಳಿಗೆ ಬೇರೇನೂ ಇರಲಿಲ್ಲ. ಸತ್ತ ಕುರಿಯ ತಲೆಯಲ್ಲಿ ನೀರುಗುಳ್ಳೆ ಇರುತ್ತದೆ, ಅದನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ, ಹುಳದ ತತ್ತಿ ಹೇಲಿನ ಜೊತೆ ಹುಲ್ಲಿಗೆ ಬಿದ್ದು ಮತ್ತೆ ಕುರಿಯ ಹೊಟ್ಟೆಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ, ಅದಕ್ಕೇ ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಬೇಡ ಎಂದು ತಿಳಿಸಿ ಹೇಳಿದೆ. ಆಕೆ ಹೂಂಗುಟ್ಟಿದಳು.

ಗುಳಿಗೆಗೆ ಹುಳ ಉದುರಿಬಿದ್ದವು. ನನಗೋ ಖುಷಿಯೋ ಖುಷಿ. ಮತ್ತೊಮ್ಮೆ ಹೇಲು ನೋಡಬೇಕೆನ್ನುವಷ್ಟರಲ್ಲಿ ಹಿಂಡು ಮೋರಖಂಡಿಗೆ ಹೋಗಿತ್ತು. ಬಸವಕಲ್ಯಾಣದ ಬಸ್ಸು ಹತ್ತಿ ಹುಡುಕಿಕೊಂಡು ಹೋದರೆ, ನಾಯಿ ಕುರಿಯ ತಲೆಯೊಂದನ್ನು ಕಡಿಯುತ್ತ ಕೂತಿತ್ತು. ಸಿಟ್ಟು ನೆತ್ತಿಗೇರಿತು.

"ನಾ ಹೇಳಿದ್ದೇನು, ನೀ ಮಾಡಾಕತ್ತಿದ್ದೇನವ್ವ?"

"ಸತ್ತ ಕುರಿ ತಲಿ ನಾಯಿ ಪಾಲರಿ, ಸಾಹೇಬ್ರ. ರಾತ್ರಿಯೆಲ್ಲ ತ್ವಾಳ ಬರಲಾರದಂಗ ಕಾಯ್ತದ. ನೀವ್ ಗುಳಗಿ ಕೊಟ್ಟೀರಲ್ಲ, ರೋಗ ಬರಲಾರದಂಗ ಸೂಜಿ ಹಾಕಿದಂಗ, ಇನ್ನ ಹುಳ ಆಗಂಗಿಲ್ಲ ಅನ್ಕೊಂಡಿದ್ನಿ."

ಗುಳಿಗೆ ಇದ್ದ ಹುಳವನ್ನಷ್ಟೇ ಉದುರಿಸುತ್ತದೆ, ತಲೆ ತಿಂದರೆ ಹುಳ ಮತ್ತೆ ಆಗುತ್ತದೆ ಎಂದು ವಿವರಿಸಿದೆ. ಆಕೆ ಎದುರಾಡದೆ ತಲೆಯನ್ನು ನಾಯಿಯ ಬಾಯಿಂದ ಕಿತ್ತುಕೊಂಡು ಕುಣಿ ತೋಡಿ ಹೂಳಿದಳು. ಅಂದಿನಿಂದ ಸತ್ತ ಕುರಿಗಳ ತಲೆಯನ್ನೆಲ್ಲ ಹೂಳಿದಳು. ನಾಯಿಗೆ ಮತ್ತೊಮ್ಮೆ ಗುಳಿಗೆ ಕೊಟ್ಟೆ. ಆಮೇಲೆ ನೋಡಿದಾಗ ಒಂದು ತತ್ತಿಯೂ ಕಾಣಲಿಲ್ಲ. ಮೇಲಿನವರು ಶಹಬ್ಬಾಸ್ ಎಂದರು. ಆದರೆ ಮೊದಲೇ ಕುರಿಗಳ ಮಿದುಳು ಹೊಕ್ಕಿದ್ದ ಗುಳ್ಳೆಗಳು ಬೆಳೆಯುತ್ತಲೇ ಇದ್ದವು.

ಒಂದು ಬೆಳಿಗ್ಗೆ ಆಕೆ ಎಳೆ ಪ್ರಾಯದ ಹೆಣ್ಣುಕುರಿಯೊಂದನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಬಂದಳು. ತಾಯಿ ಸತ್ತ ಮರಿಯನ್ನು ಆಡಿನ ಹಾಲು ಕುಡಿಸಿ ಬೆಳೆಸಿದ್ದಳಂತೆ. ಇಳಿಸಿದೊಡನೆ ಅದು ಎಡಕ್ಕೆ ತಿರುಗತೊಡಗಿತು.

"ಆ ಗುಳಗಿ ಇದಕ್ಕ ಕೊಡ್ರಿ."

"ಅದು ನಾಯಿ ಹೊಟ್ಟಿಯೊಳಗಿನ ಹುಳಕ್ಕವ್ವ. ಇದರ ತಲಿಯೊಳಗಿನ ಗುಳ್ಳಿಗಿ ನಾಟಂಗಿಲ್ಲ."

ಬುರುಡೆ ಕೊರೆದು ಗುಳ್ಳೆ ತೆಗೆಯುವುದನ್ನು ಪುಸ್ತಕದಲ್ಲಿ ಓದಿದ್ದೆ. ಮಾಡಿದವರನ್ನು ಕಂಡಿರಲಿಲ್ಲ, ಸಲಕರಣೆಯೂ ಇರಲಿಲ್ಲ. ಅವಳ ಮುಖ ನೋಡಲಾಗದೆ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಬಂದೆ. ಆಕೆ ಕುರಿಯನ್ನು ತೊಡೆಗಾನಿಸಿ ಹಿಡಿದುಕೊಂಡು ಅಲ್ಲೇ ಕೂತಿದ್ದಳು.

"ನಾಯಿಗಿ ಏನೂ ಆಗಿರ್ಲಿಲ್ರಿ. ಅದಕ್ಕ ದವಾ ಬಂತು. ಇದಕ್ಕ ಯಾವಾಗ ಬರ್ತದ್ರಿ?"

"ಬರ್ತದವ್ವ, ಮುಂದ ಎಂದಾರ ಬರ್ತದ."

"ಅಲ್ಲಿ ತನಕ ಇದು ಇರ್ತದೇನ್ರಿ?"

"ಇಲ್ಲ," ಎಂದೆ.