ಅವ್ವನ ತೋರುಬೆರಳು

ಯಾರಾದರೂ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಕಣ್ಣು ಮುಚ್ಚಿ ಕೂತರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಧ್ಯಾನದ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ಅವ್ವನಿಗೆ ಕಲಿಸಿದವನ ಮುಖ ನೆನಪಾಗುತ್ತದೆ, ಅಷ್ಟೆ.

ಹೆತ್ತೂರಿನ ಕಡೆ ಎಸ್ಟೇಟ್ ಬಂಗಲೆಗಳು ಒಂದೊಂದಾಗಿ ಹೋಂ ಸ್ಟೇ ಆಗುತ್ತಿದ್ದ ಕಾಲ. ಪಕ್ಕದ ಎಸ್ಟೇಟಿನವರು ಬೇಸಿಗೆಯಲ್ಲಿ ಪೇಟೆಯಿಂದ ಒಬ್ಬ ಯೋಗದ ಗುರುವನ್ನು ಕರೆಸಿ ಒಂದು ವಾರದ ಶಿಬಿರ ಇಟ್ಟರು, ಸುತ್ತಲಿನ ಮನೆಯವರೂ ಬರಬಹುದು ಎಂದರು. ಅವ್ವನ ಬಲಗೈ ತೋರುಬೆರಳು ಎಷ್ಟೋ ವರ್ಷದಿಂದ ಸೆಟೆದುಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಅದು ಸರಿಹೋದೀತು ಎಂಬ ಆಸೆಯಿಂದ ಅವಳು ಹೊರಟಳು. ಜೊತೆಗೆ ನಾನೂ ಹೋದೆ.

ಹೆಬ್ಬೆರಳು ಪರಮಾತ್ಮ, ತೋರುಬೆರಳು ಜೀವ, ಜೀವ ಬಾಗಿ ಪರಮಾತ್ಮನನ್ನು ಮುಟ್ಟುವುದೇ ಚಿನ್ಮುದ್ರೆ ಎಂದು ಗುರು ವಿವರಿಸಿದ. ಕೇಳಲು ಚೆನ್ನಾಗಿಯೇ ಇತ್ತು. ಆಮೇಲೆ ಒಬ್ಬೊಬ್ಬರ ಕೈ ನೋಡುತ್ತ ಬಂದವನು ಅವ್ವನ ಮುಂದೆ ನಿಂತ.

"ಬಾಗುತ್ತಿಲ್ಲ ಅಂದರೆ ಒಳಗೆ ಅಹಂಕಾರ ಗಟ್ಟಿಯಾಗಿದೆ ತಾಯಿ," ಎಂದ, ಎಲ್ಲರ ಎದುರಿಗೆ.

ಊರಲ್ಲಿ ಯಾರಿಗೂ ಎದುರಾಡದ ನಮ್ಮವ್ವನಿಗೆ ಅಹಂಕಾರವಂತೆ. ಅವಳು ತಪ್ಪು ಮಾಡಿದವಳ ಹಾಗೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮನೆಗೆ ಬಂದವಳೇ ಬಾಳೆನಾರು ನೆನೆಸಿ, ಸೆಟೆದ ತೋರುಬೆರಳನ್ನು ಎಡಗೈಯಿಂದ ಬಲವಂತವಾಗಿ ಬಗ್ಗಿಸಿ ಹೆಬ್ಬೆರಳಿಗೆ ಸೇರಿಸಿ, ಹಲ್ಲಿನಲ್ಲಿ ಎಳೆದು ಬಿಗಿದು ಕಟ್ಟಿಕೊಂಡಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನವ್ವ ಎಂದು ನಾನು ರೇಗಿಸಿದೆ.

"ಮೆಣಸಿನ್ ಬಳ್ಳೀನ ನಾರಲ್ಲಿ ಕಟ್ಟಿದ್ರೆ ಮರಕ್ಕೆ ಕಚ್ಕೊಳಲ್ವಾ? ಬೆರಳೂ ಹಂಗೇ ಕಣೆ," ಎಂದಳು.

ಹಸಿ ನಾರು ಒಣಗುತ್ತ ಒಣಗುತ್ತ ಇನ್ನೂ ಬಿಗಿಯಿತು. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕೈ, ಅವಳಿಗೆ ನೋವೇ ತಿಳಿಯಲಿಲ್ಲ. ಬಿಚ್ಚು ಎಂದರೆ ಶಿಬಿರ ಮುಗಿಯಲಿ ಎನ್ನುತ್ತಿದ್ದಳು. ಕೊನೆಯ ದಿನ ಗುರು ಆ ಕೈ ನೋಡಿ ಹಿಗ್ಗಿದ. ಬೆರಳು ಊದಿ ಬಣ್ಣಗೆಟ್ಟಿದ್ದು ಅವನ ಕಣ್ಣಿಗೆ ಬೀಳಲಿಲ್ಲವೇ? ಬಿತ್ತು. ಬಿದ್ದದ್ದಕ್ಕೇ ನಾರಿನ ಗಂಟೂ ಊತವೂ ಕಾಣದಂತೆ ಮಲ್ಲಿಗೆ ಸುತ್ತಿಸಿ, ಕೈಯನ್ನು ಮಂಡಿಯ ಮೇಲಿಡಿಸಿ ಫೋಟೊ ತೆಗೆಸಿದ. ಶ್ರದ್ಧೆ ಅಂದರೆ ಇದು ಎಂದು ಎಲ್ಲರಿಂದ ಚಪ್ಪಾಳೆ ಬೇರೆ ಹೊಡೆಸಿದ. ಥೂ.

ಅವತ್ತು ಸಂಜೆ ನಾರು ಕತ್ತರಿಸಿದಾಗ ಬೆರಳು ಕಪ್ಪಾಗಿ ನಾತ ಹೊಡೆಯುತ್ತಿತ್ತು. ಮೇಲಿನ ಮಲ್ಲಿಗೆ ಇನ್ನೂ ಘಮಘಮ ಎನ್ನುತ್ತಿತ್ತು. ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಸಕಲೇಶಪುರದ ಡಾಕ್ಟರು ಹಾಸನಕ್ಕೆ ಕಳಿಸಿದರು, ಅಲ್ಲಿ ಬೆರಳು ತೆಗೆದರು.

ಮುಂದಿನ ಬೇಸಿಗೆಗೆ ಮತ್ತೆ ಶಿಬಿರದ ಹ್ಯಾಂಡ್‌ಬಿಲ್ ಹಂಚಿದರು. ಅದರ ಮೇಲೆ ಅವ್ವನದೇ ಕೈ, ಮಲ್ಲಿಗೆ ಸಮೇತ. ನಾನು ಒಲೆಗೆ ಹಾಕಲು ಹೋದರೆ ಅವ್ವ ಕಿತ್ತುಕೊಂಡು, ಅನ್ನದ ಅಗುಳು ಹಚ್ಚಿ ದೇವರ ಗೂಡಿನ ಪಕ್ಕ ಅಂಟಿಸಿದಳು. ಆ ಕಳ್ಳನ ಕಾಗದ ನಮ್ಮ ಮನೆಯಲ್ಲಿ ಯಾಕೆ ಎಂದು ಕೂಗಾಡಿದೆ.

"ಅವನ್ದಲ್ಲ, ನನ್ ಬೆರಳು ಕಣೆ ಅದು," ಎಂದಳು. "ಅಲ್ಲಾದ್ರೂ ಐತಲ್ಲ. ಇರ್ಲಿ ಬುಡು."